ಹುಡುಗಿಯರ ವಿಭಾಗ

ವಿಶಾಖಪಟ್ಟಣ
೧೧ ಆಗಸ್ಟ್ ೨೦೨೪

ಚಿ. ಶೀತಲ್‌ಗೆ ಆಶೀರ್ವಾದಗಳು.

ಸುಖವಾಗಿ ಬಂದು ಮುಟ್ಟಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಿನ್ನ ಬಾಯಿಂದ ‘ಹ್ಞೂಂ ರೀ ಸರ್’, ‘ಆತ್ರಿ ಸರ್’ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಹಿಂದೆ ನಿಮ್ಮ ಮನೆಯ ಪವರ್‌ಲೂಮಿನ ಸದ್ದು ಬೇರೆ. ಆದರೆ ಕಾಲೇಜಿನಲ್ಲಿದ್ದಾಗ, ಗೋಲಿನಲ್ಲಿ ನಿಂತು ಕಂಡದ್ದನ್ನೆಲ್ಲ ಆಟ ಮುಗಿದ ಮೇಲೆ ಬರೆದು ತರುತ್ತಿದ್ದವಳು ನೀನು. ಯಾರು ಓಡಲಿಲ್ಲ, ಯಾರು ಚೆಂಡು ಬಂದಾಗ ಕಣ್ಣು ಮುಚ್ಚಿದರು, ಎಲ್ಲ ಅದರಲ್ಲಿ ಇರುತ್ತಿತ್ತು. ಈಗಲೂ ಹಾಗೇ ಬರೆ. ಜಮಖಂಡಿಯ ನಮ್ಮ ಹುಡುಗಿಯರ ಪ್ರ್ಯಾಕ್ಟೀಸನ್ನು ನಿನ್ನ ಕೈಗೆ ಒಪ್ಪಿಸಿ ಬಂದಿದ್ದೇನೆ. ಅದರ ಸುದ್ದಿ ನನಗೆ ಬೇಕು.

ಇಲ್ಲಿಯದು ಹೇಳಲೇ? ಈ ವರ್ಷ ಫುಟ್‌ಬಾಲ್ ಲೀಗಿಗೆ ಎರಡು ಹೊಸ ತಂಡಗಳು ಸೇರಿವೆ, ಅದರಲ್ಲಿ ಒಂದು ನಮ್ಮ ಕ್ಲಬ್ಬಿನದು. ನನ್ನ ಕೋಣೆಯ ಬಾಗಿಲಿಗೆ ‘ಮುಖ್ಯ ಕೋಚ್, ಹುಡುಗಿಯರ ವಿಭಾಗ’ ಎಂದು ಹಲಗೆ ಹಾಕಿದ್ದಾರೆ. ಮೈದಾನದ ಹುಲ್ಲಿನ ಮೇಲೆ ಕಾಲಿಡಲು ಮನಸ್ಸೇ ಬರುವುದಿಲ್ಲ, ಅಷ್ಟು ಮೆತ್ತಗಿದೆ. ನಾನು ಮೊದಲ ದಿನ ಚಪ್ಪಲಿ ಬಿಟ್ಟು ನಡೆದೆ. ಕಾವಲಿನವನು ನಕ್ಕ. ನಮ್ಮ ಸೀಮೆಯಲ್ಲಿ ಕುಸ್ತಿಗೆ ಕೆಂಪು ಮಣ್ಣು ಹದ ಮಾಡುತ್ತಾರೆ, ಸೈಕಲ್ಲಿನವರು ಡಾಂಬರು ರಸ್ತೆಯನ್ನೇ ಮೈದಾನ ಮಾಡಿಕೊಳ್ಳುತ್ತಾರೆ. ಫುಟ್‌ಬಾಲಿಗೆ ಮಾತ್ರ ಉಳಿದವರು ಬಿಟ್ಟ ಜಾಗ. ಇಲ್ಲಿ ಹಾಗಲ್ಲ.

ಹುಡುಗಿಯರು ಮುಂದಿನ ತಿಂಗಳು ಬರುತ್ತಾರಂತೆ. ನಿವೃತ್ತನಾದ ದೈಹಿಕ ಶಿಕ್ಷಕನನ್ನು ಯಾರಾದರೂ ಇಷ್ಟು ದೂರದಿಂದ ಕರೆಸಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಬಸ್ ನಿಲ್ದಾಣದಲ್ಲಿ ಊರ ಮಂದಿ ರುಮಾಲು ಸುತ್ತಿ ಹಾರ ಹಾಕಿದಾಗ ನಾಚಿಕೆಯಾಗಿತ್ತು. ಈಗ ನೆನೆದರೆ ಖುಷಿಯಾಗುತ್ತದೆ.

ಒಮ್ಮೆ ನಮ್ಮ ಅಣ್ಣನ ಮನೆಗೆ ಹೋಗಿ ಅತ್ತಿಗೆ ಶುಭದಾ ವೈನಿಯವರನ್ನು ಮಾತಾಡಿಸಿ ಬಾ.

ನಿನ್ನ
ವಿಠ್ಠಲ ಸರ್

*

ಬನಹಟ್ಟಿ
೧ ಸೆಪ್ಟೆಂಬರ್ ೨೦೨೪

ಪೂಜ್ಯ ವಿಠ್ಠಲ ಸರ್ ಅವರಿಗೆ ಶೀತಲ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಪ್ಪನಿಗೂ ಅವ್ವನಿಗೂ ಓದಿ ಹೇಳಿದೆ. ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆದದ್ದು ಕೇಳಿ ಅವ್ವ, “ಪಾಪ, ಗುಡಿಯಾಗ ಹೋದಂಗ ಹೋಗ್ಯಾರ ನೋಡು” ಅಂದಳು.

ಮಧ್ಯಾಹ್ನದವರೆಗೆ ಮಗ್ಗ ನೋಡಿಕೊಳ್ಳುತ್ತೇನೆ. ಅಪ್ಪ ಊಟ ಮುಗಿಸಿ ಬಂದ ಮೇಲೆ ಜಮಖಂಡಿಯ ಬಸ್ಸು ಹತ್ತುತ್ತೇನೆ. ಪ್ರ್ಯಾಕ್ಟೀಸ್ ನಡೆದಿದೆ. ಮಳೆಗೆ ಮೈದಾನ ಕೆಸರಾಗಿರುವುದರಿಂದ ಕೆಲವರು ತಪ್ಪಿಸುತ್ತಾರೆ, ಅಷ್ಟೇ.

ಒಂದು ದೊಡ್ಡ ಸುದ್ದಿ. ಹೊಸ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಚಿಮ್ಮಡದವಳು, ಅಕ್ಷತಾ ಎಂದು ಹೆಸರು. ಈ ವರ್ಷ ಕಾಲೇಜು ಸೇರಿದ್ದಾಳೆ. ಬಸ್ಸು ತಪ್ಪಿದ್ದರಿಂದ ಮೈದಾನದ ಕಟ್ಟೆಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದಳು. ಚೆಂಡು ಅವಳ ಕಡೆ ಉರುಳಿತು. ಚಪ್ಪಲಿಯ ಕಾಲಲ್ಲೇ ಎಡಗಾಲಿನಿಂದ ಒದ್ದಳು ಸರ್. ಚೆಂಡು ನನ್ನ ತಲೆಯ ಮೇಲೆ ಬಂದು ಕಂಬದ ಹತ್ತಿರ ಒಮ್ಮೆಲೇ ಇಳಿದುಬಿಟ್ಟಿತು. ನಾನು ಕೈ ಎತ್ತುವುದರೊಳಗೆ ಗೋಲು.

“ಎಲ್ಲಿ ಕಲತೀ ಇದನ್ನ?” ಅಂತ ಕೇಳಿದೆ.

“ಎಲ್ಲೂ ಇಲ್ರಿ ಅಕ್ಕಾರ. ಮನಿ ಹಿಂದ ಗ್ವಾಡಿಗೆ ಒದೀತಿದ್ನಿ.”

“ಏನ್ ಒದೀತಿದ್ದಿ?”

“ಸಿಕ್ಕಿದ್ದ ಒದೀತಿದ್ನಿ.”

ಅವಳಪ್ಪ ಗಿರಮಲ್ಲಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಮಗಳು ಆಡುತ್ತಾಳೆಂದು ಅವನಿಗೆ ಇನ್ನೂ ಗೊತ್ತಿಲ್ಲ. ನೀವಿದ್ದಿದ್ದರೆ ಏನು ಅನ್ನುತ್ತಿದ್ದಿರಿ ಎಂದು ದಿನಾ ಅಂದುಕೊಳ್ಳುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಶೀತಲ್

*

ವಿಶಾಖಪಟ್ಟಣ
೨೦ ಅಕ್ಟೋಬರ್ ೨೦೨೪

ಚಿ. ಶೀತಲ್‌ಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಇಲ್ಲಿಯ ಸಮುದ್ರದ ದಂಡೆಯಲ್ಲಿ ಕುಳಿತು ಓದಿದೆ. ಅಕ್ಷತಾಳ ಎಡಗಾಲನ್ನು ತಿದ್ದಲು ಹೋಗಬೇಡ. ಓಡಿ ಬರುವ ರೀತಿ ವಕ್ರವಾಗಿದ್ದರೂ ಹಾಗೇ ಇರಲಿ. ಗೋಡೆಗೆ ಒದ್ದು ಕಲಿತವರ ಕಾಲಿಗೆ ನಮಗೆ ಗೊತ್ತಿಲ್ಲದ್ದೇನೋ ಗೊತ್ತಿರುತ್ತದೆ. ಬಲಗಾಲಿನಲ್ಲಿ ಚೆಂಡು ನಿಲ್ಲಿಸುವುದನ್ನು ಮಾತ್ರ ಕಲಿಸು.

ನಮ್ಮ ಮೈದಾನದಲ್ಲಿ ಮೊದಲ ಪಂದ್ಯ ಆಯಿತು. ಎಂತಹ ದೀಪಗಳು! ಒಬ್ಬ ಆಟಗಾರನಿಗೆ ನಾಲ್ಕು ನೆರಳು ಬೀಳುತ್ತವೆ. ಬ್ರೆಜಿಲಿನವನೊಬ್ಬ ನಮ್ಮ ತಂಡದಲ್ಲಿದ್ದಾನೆ. ಕುರ್ಚಿಗಳು ತುಂಬಿರಲಿಲ್ಲ, ಟೀವಿಯಲ್ಲಿ ಕಾಣುವ ಬದಿಗೆ ಎಲ್ಲರನ್ನೂ ಕೂಡಿಸಿದ್ದರು. ಮುಂದಿನ ವರ್ಷ ಇನ್ನೂ ತಂಡಗಳು ಸೇರುತ್ತವಂತೆ. ಆಟ ಬೆಳೆಯುತ್ತಿದೆ ಎಂದು ಮಾಲೀಕರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು.

ಅದಕ್ಕೆ ಮೊದಲಿನ ವಾರ ಒಂದು ಬಸ್ ತುಂಬ ಹುಡುಗಿಯರು ಬಂದರು. ಎಲ್ಲರಿಗೂ ಹೊಸ ಜರ್ಸಿ. ತೆಲುಗು ನನಗೆ ಬರುವುದಿಲ್ಲ, ಕನ್ನಡ ಅವರಿಗೆ ಬರುವುದಿಲ್ಲ. ಆದರೂ ‘ಪಾಸ್ ಕೊಡು’ ಅನ್ನುವುದನ್ನು ಕೈಮಾಡಿ ತೋರಿಸಿದರೆ ಯಾವ ಊರಿನ ಮಗುವಿಗಾದರೂ ತಿಳಿಯುತ್ತದೆ. ಅವರಲ್ಲಿ ಕುಳ್ಳಗಿನ ಒಬ್ಬಳು ಥೇಟ್ ನಿನ್ನ ಹಾಗೆ, ಚೆಂಡು ಹಿಡಿದ ಮೇಲೆ ಯಾರಿಗೂ ಕೊಡಲೊಲ್ಲಳು. ಬಹಳ ಛಲೋ ದಿನ ಅದು.

ವೈನಿಯವರ ಸುದ್ದಿ ಬರೆಯಲಿಲ್ಲ ನೀನು.

ವಿಠ್ಠಲ ಸರ್

*

ಬನಹಟ್ಟಿ
೨೪ ನವೆಂಬರ್ ೨೦೨೪

ಪೂಜ್ಯ ಸರ್‌ಗೆ ನಮಸ್ಕಾರಗಳು.

ಒಂದು ಬಸ್ ತುಂಬ ಹುಡುಗಿಯರು! ಅದನ್ನು ಅಕ್ಷತಾಗೆ ಹೇಳಿದೆ. “ಅಷ್ಟೂ ಮಂದಿಗೆ ಬೂಟ್ ಇರತಾವೇನ್ರಿ?” ಅಂತ ಕೇಳಿದಳು.

ಶುಭದಾ ಬಾಯಿಯವರನ್ನು ನೋಡಿ ಬಂದೆ. ಚಹಾ ಕೊಟ್ಟರು. “ವಿಠ್ಠಲಂದು ಫೋನ್ ಬರ್ತದವ್ವ. ಆರಾಮ ಇದ್ದೇನಿ ಅಂತಾನ, ಇಟ್ಟಬಿಡ್ತಾನ. ಮೊದಲಿನಿಂದಲೂ ಹಂಗ ಅವ. ಮದುವಿ ಯಾಕ ಒಲ್ಲಿ ಅಂದ್ರೂ ಇಷ್ಟ ಮಾತು,” ಅಂದರು.

ಈಗ ಮುಖ್ಯ ವಿಷಯ. ಗಿರಮಲ್ಲಪ್ಪನಿಗೆ ಸುದ್ದಿ ಮುಟ್ಟಿತು. ಮಗಳು ಚಡ್ಡಿ ಹಾಕಿಕೊಂಡು ಆಡುವುದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದರಂತೆ. ನಾನು ಚಿಮ್ಮಡಕ್ಕೆ ಹೋದೆ. ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ.

“ಆಟ ಆಡಿ ಏನ್ ಆಗ್ತಾಳವ್ವಾ ಇಕಿ? ನೀ ಏನ್ ಆದಿ?” ಅಂದ.

ನಾನು ನಿಮ್ಮ ಹೆಸರು ಹೇಳಿದೆ ಸರ್. ಗಾಲಿ ಕೆಳಗಿಟ್ಟ. “ಅವ್ರು ಖರೆ ಮನಶಾ. ರುಮಾಲ ಸುತ್ತಿ ಕಳಿಸಿದ್ದು ನಾನೂ ನೋಡೇನಿ. ವಿಠ್ಠಲ ಸರ್ ತಾವ ಕರದ್ರ ಕಳಸ್ತೀನಿ. ಇಲ್ಲಾಂದ್ರ ಈ ವರ್ಷಕ್ಕ ಸಾಕು. ಬ್ಯಾಸಗ್ಯಾಗ ಇಕಿ ಸೋದರಮಾವ ಹೆಣ್ಣ ಕೇಳಾಕ ಬರ್ತಾನ.”

ನೀವು ಮುಖ್ಯ ಕೋಚ್ ಇದ್ದೀರಿ. ಅಕ್ಷತಾಳನ್ನು ಒಂದು ಟ್ರಯಲ್‌ಗೆ ಕರೆಸಿಕೊಳ್ಳಿ. ನನ್ನ ಬಾಯಿಂದ ‘ಹ್ಞೂಂ ರೀ ಸರ್’ ಬಿಟ್ಟರೆ ಬೇರೆ ಮಾತು ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಇದೊಂದನ್ನು ಕೇಳುತ್ತಿದ್ದೇನೆ.

ಶೀತಲ್

*

ವಿಶಾಖಪಟ್ಟಣ
೧೯ ಡಿಸೆಂಬರ್ ೨೦೨೪

ಚಿ. ಶೀತಲ್‌ಗೆ ಆಶೀರ್ವಾದಗಳು.

ಈ ವರ್ಷ ಬೇಡ. ಇಲ್ಲಿಯ ಮಟ್ಟ ಬೇರೆ. ಹುಡುಗಿ ಇನ್ನೂ ಪಕ್ವವಾಗಿಲ್ಲ. ಚೆಂಡನ್ನು ತಲೆಯಿಂದ ಆಡುವುದರಲ್ಲಿ ಹಿಂದಿದ್ದಾಳೆ. ಅವಸರ ಮಾಡಿದರೆ ಕೆಡುತ್ತಾಳೆ.

ಚಳಿ ಹೇಗಿದೆ? ಇಲ್ಲಿ ಚಳಿಯೇ ಇಲ್ಲ.

ವಿಠ್ಠಲ ಸರ್

*

ಬನಹಟ್ಟಿ
೧೨ ಜನವರಿ ೨೦೨೫

ಸರ್‌ಗೆ ನಮಸ್ಕಾರ.

ಅಕ್ಷತಾ ತಲೆಯಿಂದ ಆಡುವುದನ್ನು ನೀವು ನೋಡಿಲ್ಲ. ಅವಳನ್ನೇ ನೋಡಿಲ್ಲ. ನಾನೂ ಅದರ ಬಗ್ಗೆ ಏನೂ ಬರೆದಿರಲಿಲ್ಲ.

ಮುಧೋಳದಲ್ಲಿ ಕಳೆದ ಭಾನುವಾರ ಬೆಳಗಾವಿಯ ಹುಡುಗಿಯರ ಜೊತೆ ಪಂದ್ಯ ಇತ್ತು. ಲೋಕಾಪುರದಿಂದ ಮೂವರನ್ನು, ಬೀಳಗಿಯಿಂದ ಕಬಡ್ಡಿ ಆಡುವ ಆರು ಮಂದಿಯನ್ನು ಕೇಳಿಕೊಂಡು ತಂದು ತಂಡ ಕೂಡಿಸಿದೆ. ಸೋತೆವು. ನಮ್ಮ ಎರಡೂ ಗೋಲು ಅಕ್ಷತಾಳವು, ಒಂದು ತಲೆಯಿಂದಲೇ. ಬೆಳಗಾವಿಯ ಕೋಚ್ ಬಂದು, “ಯಾರ ಶಿಷ್ಯೆ ಈ ಹುಡುಗಿ?” ಎಂದು ಕೇಳಿದರು. ವಿಠ್ಠಲ ಸರ್ ಶಿಷ್ಯೆ ಎಂದೆ.

ನೀವು ದೊಡ್ಡ ಜಾಗದಲ್ಲಿದ್ದೀರಿ. ಕೆಸರಿನಲ್ಲಿ ಆಡುವವರನ್ನು ಆ ಹುಲ್ಲಿಗೆ ಕರೆದರೆ ನಿಮಗೆ ಕಡಿಮೆಯಾಗುತ್ತದೆ ಅನ್ನಿಸಿದ್ದರೆ ಹಾಗೇ ಬರೆಯಿರಿ. ಅಕ್ಷತಾಳ ಮೇಲೆ ತಪ್ಪು ಹೊರಿಸಬೇಡಿ. ದಿನಾ ಸಂಜೆ ಕೇಳುತ್ತಾಳೆ, “ಸರ್ ಕಾಗದ ಬಂತೇನ್ರಿ ಅಕ್ಕಾರ?” ಎಂದು. ಬಂದಿಲ್ಲ ಅನ್ನುತ್ತೇನೆ. ಅಂಚೆಯವನ ಮೇಲೆ ಹಾಕುತ್ತೇನೆ.

ಶೀತಲ್

*

ವಿಶಾಖಪಟ್ಟಣ
೯ ಫೆಬ್ರವರಿ ೨೦೨೫

ಚಿ. ಶೀತಲ್,

ಕಡಿಮೆಯಾಗುತ್ತದೆ ಎಂದಲ್ಲ. ಕಾರಣ ಕೇಳಬೇಡ. ನಿನ್ನ ಪ್ರ್ಯಾಕ್ಟೀಸಿನ ಸುದ್ದಿ ಮಾತ್ರ ಬರೆಯುತ್ತಿರು.

ವಿಠ್ಠಲ ಸರ್

*

ವಿಶಾಖಪಟ್ಟಣ
೬ ಮಾರ್ಚ್ ೨೦೨೫

ಚಿ. ಶೀತಲ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಸಿಟ್ಟು ಬಂದಿದ್ದರೆ ಬೈದಾದರೂ ಬರೆ. ಇಲ್ಲಿ ಕನ್ನಡ ಕಿವಿಗೆ ಬೀಳುವುದಿಲ್ಲ. ಒಮ್ಮೊಮ್ಮೆ ಬಾಜಾರಿನಲ್ಲಿ ಯಾರೋ ‘ಏನಪಾ’ ಅಂದ ಹಾಗಾಗಿ ತಿರುಗಿ ನೋಡುತ್ತೇನೆ, ಅಂದಿರುವುದಿಲ್ಲ. ಮೆಸ್ಸಿನಲ್ಲಿ ಅಡುಗೆಯವನಿಗೆ ರೊಟ್ಟಿ ಅಂದರೆ ಏನೆಂದು ಹೇಳಿಕೊಡಲು ಹೋಗಿ ಸೋತೆ. ಮೈದಾ ಹಿಟ್ಟಿನದ್ದೇನೋ ಮಾಡಿ ತಂದ. ತಿಂದೆ. ಇಂತಹವೇ ಸುದ್ದಿ ನನ್ನ ಹತ್ತಿರ ಇರುವುದು.

ಅಕ್ಷತಾ ಆಡುತ್ತಿದ್ದಾಳೆ ತಾನೆ?

ವಿಠ್ಠಲ ಸರ್

*

ಬನಹಟ್ಟಿ
೩೦ ಮಾರ್ಚ್ ೨೦೨೫

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಅಕ್ಷತಾ, ನಾನು ಇಬ್ಬರೂ ಸುಖವಾಗಿ ಊರು ಮುಟ್ಟಿದೆವು. ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ನಿಮ್ಮ ಎದುರು ನನಗೆ ಮತ್ತೆ ‘ಹ್ಞೂಂ ರೀ ಸರ್’ ಬಿಟ್ಟು ಏನೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ತಿಳಿಸದೆ ಹೊರಟದ್ದು ಸಿಟ್ಟಿನಿಂದ. ಗಿರಮಲ್ಲಪ್ಪನಿಗೆ ‘ಸರ್ ಕರೆದಿದ್ದಾರೆ’ ಎಂದು ಸುಳ್ಳು ಹೇಳಿ ಅಕ್ಷತಾಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ರೈಲು ಹತ್ತಿಸಿದೆ. ಅವಳನ್ನು ನಿಮ್ಮ ಎದುರಿಗೆ ನಿಲ್ಲಿಸಿ, ಈಗ ‘ಬೇಡ’ ಅನ್ನಿರಿ ನೋಡೋಣ, ಅನ್ನಬೇಕೆಂದಿದ್ದೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ.

ಕ್ಲಬ್ಬಿನ ಆಫೀಸಿನಲ್ಲಿ ಒಬ್ಬ ಹುಡುಗ ಕಂಪ್ಯೂಟರ್ ಮುಂದೆ ಕುಳಿತಿದ್ದ. ಹುಡುಗಿಯರ ಟ್ರಯಲ್‌ಗೆ ಬಂದಿದ್ದೇವೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು, “ಲಡ್ಕಿಯಾಂ? ಯಹಾಂ ತೋ ಕೋಯಿ ಲಡ್ಕಿ ನಹೀಂ ಖೇಲ್ತೀ,” ಅಂದ, ಇಲ್ಲಿ ಯಾವ ಹುಡುಗಿಯೂ ಆಡುವುದಿಲ್ಲವಂತೆ. ವಿಠ್ಠಲ ಸರ್ ಎಂದೆ. “ಅಚ್ಛಾ, ಮಾಸ್ಟರ್‌ಜೀ,” ಎಂದು ಹಿಂದಿನ ಮೈದಾನದ ಕಡೆ ಕೈ ತೋರಿಸಿದ.

ಅಕ್ಷತಾ ನಿಮ್ಮ ಹತ್ತಿರ ಓಡಿ ಬಂದದ್ದು ಮಾತ್ರ ನೀವು ನೋಡಿದಿರಿ. ಅದಕ್ಕಿಂತ ಮೊದಲು ನಾವಿಬ್ಬರೂ ಬಹಳ ಹೊತ್ತು ಗೇಟಿನ ಹೊರಗೆ ನಿಂತಿದ್ದೆವು. ನೀವು ಹುಲ್ಲಿನ ಮೇಲೆ ಪ್ಲಾಸ್ಟಿಕ್ ಕೋನ್‌ಗಳನ್ನು ಸಾಲಾಗಿ ಇಟ್ಟಿದ್ದಿರಿ. ಸೀಟಿ ಊದಿದಿರಿ. ಆಮೇಲೆ ಒಂದು ಕೋನಿನಿಂದ ಇನ್ನೊಂದಕ್ಕೆ ನಡೆಯುತ್ತ, “ನೋಡಿ ಕೊಡು… ಕೊಟ್ಟ ಮ್ಯಾಲೆ ನಿಲ್ಲಬ್ಯಾಡ, ಓಡು… ಹಾಂ, ಶಾಭಾಸ್,” ಎಂದಿರಿ. ಮೈದಾನದಲ್ಲಿ ಯಾರೂ ಇರಲಿಲ್ಲ ಸರ್. ನೀವೊಬ್ಬರೇ ಇದ್ದಿರಿ. ಎರಡು ಸಲ ‘ಶಾಭಾಸ್’ ಅಂದದ್ದು ನನಗೆ ಕೇಳಿಸಿತು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ತಿರುಗಿ ಹೋಗೋಣ ಎಂದು ಅಕ್ಷತಾಳ ಕೈ ಹಿಡಿದೆ. “ಯಾಕ್ರಿ ಅಕ್ಕಾರ? ಸರ್ ಅಲ್ಲೇ ಅದಾರಲ್ರಿ,” ಎಂದು ಕೈ ಬಿಡಿಸಿಕೊಂಡು ಓಡಿದಳು. ಅವಳು ಓಡದೆ ಇದ್ದಿದ್ದರೆ ನಾನು ನಿಮ್ಮನ್ನು ಮಾತಾಡಿಸದೆ ಬಂದುಬಿಡುತ್ತಿದ್ದೆ.

ಆ ಸಂಜೆ ನೀವು ಅವಳಿಗೆ ಕಲಿಸಿದ್ದನ್ನು ನಾನು ಗೋಲಿನಲ್ಲಿ ನಿಂತು ನೋಡಿದೆ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಹುಲ್ಲಿಗೆ ನೀರು ಬಿಡುವವನು ಬಂದು ಸಾಕು ಅನ್ನುವವರೆಗೂ ನೀವು ನಿಲ್ಲಿಸಲಿಲ್ಲ.

ನನ್ನ ಜನವರಿಯ ಕಾಗದ ನಿಮ್ಮ ಹತ್ತಿರ ಇದ್ದರೆ ಹರಿದುಹಾಕಿರಿ.

ನಿಮ್ಮ
ಶೀತಲ್

*

ವಿಶಾಖಪಟ್ಟಣ
೧೪ ಏಪ್ರಿಲ್ ೨೦೨೫

ಪ್ರೀತಿಯ ಶೀತಲ್,

ಹರಿದುಹಾಕುವುದಿಲ್ಲ. ನನಗೆ ಬಂದ ಕಾಗದಗಳೇ ಕಡಿಮೆ.

ನೀನು ಸ್ಟೇಷನ್ನಿನಲ್ಲಿ ಕೇಳದೆ ಬಿಟ್ಟದ್ದಕ್ಕೆ ಉತ್ತರ ಹೇಳುತ್ತೇನೆ. ಹೊಸ ತಂಡ ಲೀಗಿಗೆ ಸೇರಬೇಕಾದರೆ ಹುಡುಗಿಯರ ವಿಭಾಗ ಇರಬೇಕು, ಅದಕ್ಕೆ ಲೈಸೆನ್ಸ್ ಇರುವ ಕೋಚ್ ಇರಬೇಕು ಎಂದು ನಿಯಮ. ಅದಕ್ಕಾಗಿ ನನ್ನನ್ನು ಕರೆಸಿಕೊಂಡರು. ಕೋಚ್ ಸಿಕ್ಕಿದ ಮೇಲೆ ಹುಡುಗಿಯರನ್ನು ಹುಡುಕುವ ಅವಸರ ಯಾರಿಗೂ ಉಳಿಯಲಿಲ್ಲ. ಆ ಬಸ್ಸಿನ ಹುಡುಗಿಯರು ಹತ್ತಿರದ ಒಂದು ಶಾಲೆಯವರು. ಲೀಗಿನ ತಪಾಸಣೆಯವರು ಬರುವ ದಿನ ಕರೆತಂದು, ಜರ್ಸಿ ಕೊಟ್ಟು, ಫೋಟೋ ತೆಗೆಸಿದರು. ಸಂಜೆ ಜರ್ಸಿ ಬಿಚ್ಚಿಸಿಕೊಂಡು ಬಸ್ ಹತ್ತಿಸಿದರು. ಆ ಕುಳ್ಳಗಿನ ಹುಡುಗಿ ಜರ್ಸಿ ಕೊಡಲು ಒಲ್ಲೆ ಎಂದು ಅತ್ತಳು. ಬಿಡಿಸಿಕೊಡಿ ಎಂದು ನನಗೇ ಹೇಳಿದರು. ಬಿಡಿಸಿಕೊಟ್ಟೆ.

ಅವರ ಶಾಲೆಗೆ ನಾನೇ ಹೋಗಿ ಕೇಳಿದೆ. ಕ್ಲಬ್ಬಿನವರು ಹೇಳಲಿ ಅಂದರು. ಕ್ಲಬ್ಬಿನಲ್ಲಿ ಕೇಳಿದರೆ ಮುಂದಿನ ತಿಂಗಳು ಅಂದರು. ಮುಂದಿನ ತಿಂಗಳು ಎನ್ನುವ ಮಾತು ಇಂದಿನವರೆಗೂ ನಡೆದಿದೆ. ಅಕ್ಷತಾಳನ್ನು ಕರೆಸಿದ್ದರೆ ಎಲ್ಲಿ ನಿಲ್ಲಿಸಲಿ? ಯಾರ ಜೊತೆ ಆಡಿಸಲಿ?

ಕೋನ್ ಇಡುವುದು ನಿಲ್ಲಿಸಿದರೆ ಕೈಗೆ ಮರೆತುಹೋಗುತ್ತದೆ ಎಂದು ಇಡುತ್ತಿದ್ದೆ. ಮಾತಾಡುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು. ಸಮುದ್ರದ ದಂಡೆಯಲ್ಲಿ ನೀನು ಅಲೆಗಳ ಬುರುಗು ನೋಡುತ್ತ ನಿಂತಿದ್ದಾಗ ಅಕ್ಷತಾಳನ್ನು ಕೇಳಿದೆ, “ಈಗ ಎಷ್ಟ ಮಂದಿ ಹುಡುಗ್ಯಾರು ಬರ್ತಾರವ್ವಾ?” ಎಂದು. “ದೀಪಾವಳಿ ಆದಮ್ಯಾಲಿಂದ ನಾವಿಬ್ಬರ ಇದೀವ್ರಿ ಸರ್. ಅಕ್ಕಾರು ಗೋಲ್‌ನ್ಯಾಗ, ನಾನು ಇತ್ಲಾಗ,” ಅಂದಳು. ನೀನು ಬರೆದದ್ದರಲ್ಲಿ ಇದು ಇರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳುವ ಅಧಿಕಾರ ನನಗೆ ಉಳಿದಿಲ್ಲ.

ಹುಡುಗಿಗೆ ಮಾತ್ರ ಮೋಸವಾಗಬಾರದು. ಕೊಲ್ಲಾಪುರದಲ್ಲಿ ನನ್ನ ಹಳೆಯ ಗೆಳೆಯನೊಬ್ಬ ಇದ್ದಾನೆ. ಅಲ್ಲಿ ಪೇಟೆಪೇಟೆಗೂ ಫುಟ್‌ಬಾಲ್ ತಂಡ, ನೋಡಲು ಹೆಂಗಸರು ಮಕ್ಕಳು ಎಲ್ಲ ಬರುತ್ತಾರೆ. ಹುಡುಗಿಯರದ್ದೂ ಒಂದು ತಂಡ ಕಟ್ಟುತ್ತಿದ್ದಾನೆ, ಹಾಸ್ಟೆಲ್ ಇದೆ, ಕಾಲೇಜೂ ಆಗುತ್ತದೆ. ನಾನು ಮಾತಾಡಿದ್ದೇನೆ. ಕರೆದುಕೊಂಡು ಹೋಗು. ಗಿರಮಲ್ಲಪ್ಪನಿಗೆ ಹೇಳು, ಈ ಸಲ ನಾನೇ ಕರೆದಿದ್ದೇನೆ ಎಂದು.

ವಿಠ್ಠಲ

*

ಬನಹಟ್ಟಿ
೨೨ ಜೂನ್ ೨೦೨೫

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಅಕ್ಷತಾ ಆಯ್ಕೆಯಾದಳು. ನಿಮ್ಮ ಗೆಳೆಯರು ಅವಳಿಂದ ಎಡಗಾಲಿನಲ್ಲಿ ಮತ್ತೆ ಮತ್ತೆ ಒದೆಸಿ ನೋಡಿದರು. ಆಮೇಲೆ ಮರಾಠಿಯಲ್ಲಿ ಯಾರಿಗೋ ಫೋನ್ ಮಾಡಿ ನಕ್ಕರು.

ಗಿರಮಲ್ಲಪ್ಪ ಒಪ್ಪುವುದಿಲ್ಲ ಅಂದುಕೊಂಡಿದ್ದೆ. “ಕೊಲ್ಲಾಪುರ ಅಂದ್ರ ಮಹಾಲಕ್ಷ್ಮಿ ಊರು. ಅಲ್ಲಿಗೆ ಒಲ್ಲೆ ಅಂದ್ರ ನನ್ನ ಬಾಯಿಗೆ ಹುಳಾ ಬೀಳ್ತಾವ,” ಅಂದ. ಸೋದರಮಾವನನ್ನು ಅವನೇ ತಿರುಗಿ ಕಳಿಸಿದನಂತೆ. ಬಸ್ಸಿನ ಹತ್ತಿರ ಮಗಳ ಕೈಗೆ ಬುತ್ತಿ ಕೊಟ್ಟು, ಏನು ಹೇಳಬೇಕೆಂದು ತಿಳಿಯದೆ, “ಜೋರಾಗಿ ಒದಿ,” ಅಂದ.

ಇಬ್ಬರೇ ಇದ್ದೇವೆ ಎಂದು ನಾನು ಬರೆಯಲಿಲ್ಲ, ನಿಜ. ಮಳೆ ನಿಂತ ಮೇಲೆ ಕೆಲವರು ಬಂದರು, ಕ್ರಿಕೆಟ್ ಟೂರ್ನಮೆಂಟಿನ ಪೆಂಡಾಲ್ ಹಾಕಿದ ಮೇಲೆ ಬಿಟ್ಟರು. ಒಬ್ಬಳಿಗೆ ಮದುವೆ, ಒಬ್ಬಳಿಗೆ ಟ್ಯೂಷನ್, ಒಬ್ಬಳ ತಾಯಿಗೆ ಮಗ್ಗದಲ್ಲಿ ಕೈ ಬೇಕು. ನೀವು ಬಸ್ ತುಂಬ ಹುಡುಗಿಯರ ಬಗ್ಗೆ ಬರೆದಾಗ ನನ್ನ ಇಬ್ಬರ ಲೆಕ್ಕ ಹೇಳಲು ಆಗಲಿಲ್ಲ.

ನೀವು ಊರಿಗೆ ಬರಬೇಕು ಸರ್. ಸ್ಟೇಷನ್ನಿನಲ್ಲಿ ‘ರುಮಾಲು ಕಟ್ಟಿಸಿಕೊಂಡು ಹೋದವನು ಯಾವ ಮುಖದಿಂದ ಬರಲಿ’ ಅಂದಿರಿ. ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯಾರೂ ನಗುವುದಿಲ್ಲ. ನೀವು ಎಲ್ಲಿದ್ದೀರಿ ಎಂದು ಯಾರೂ ಕೇಳುತ್ತಿಲ್ಲ. ನಿಮ್ಮನ್ನು ಬೀಳ್ಕೊಡುವಾಗ ಹಾಕಿದ್ದ ಫ್ಲೆಕ್ಸಿನ ಜಾಗದಲ್ಲಿ ಈಗಾಗಲೇ ಎಷ್ಟೋ ಮಂದಿಯ ಫೋಟೋ ಬಂದು ಹೋದವು. ನೀವು ಹೆದರುವ ಮಂದಿ ಇಲ್ಲಿ ಇಲ್ಲ.

ಶೀತಲ್

*

ವಿಶಾಖಪಟ್ಟಣ
೨೭ ಜುಲೈ ೨೦೨೫

ಪ್ರೀತಿಯ ಶೀತಲ್,

ಬೇಸರವಾಯಿತು. ಎರಡು ದಿನ ನಿನ್ನ ಕಾಗದದ ಕಡೆ ನೋಡಲಿಲ್ಲ. ಮರೆತಿದ್ದಾರೆ ಎನ್ನುವುದಕ್ಕಿಂತ ನಗುತ್ತಿದ್ದಾರೆ ಎನ್ನುವುದೇ ಛಲೋ ಇತ್ತೇನೋ.

ಇಲ್ಲಿ ಎಲ್ಲ ನಿಂತಿದೆ. ಮುಂದಿನ ಲೀಗ್ ಯಾವಾಗ ಎಂದು ಯಾರಿಗೂ ತಿಳಿಯದು. ಟೀವಿಯವರ ಒಪ್ಪಂದ ಮುಗಿದಿದೆಯಂತೆ. ಬ್ರೆಜಿಲಿನವನು ಹೋದ. ಮಾಲೀಕರು ತಂಡವನ್ನೇ ಹಿಂದಕ್ಕೆ ತೆಗೆಯುತ್ತಾರೆ ಎಂಬ ಮಾತಿದೆ. ದೊಡ್ಡ ಮೈದಾನದ ಹುಲ್ಲು ಕತ್ತರಿಸುವವರಿಲ್ಲದೆ ಮೊಣಕಾಲಿಗೆ ಬಂದಿದೆ. ಎಮ್ಮೆ ಬಿಟ್ಟರೆ ಹಾಲಾದರೂ ಆಗುತ್ತಿತ್ತು.

ಇಷ್ಟರಲ್ಲಿ ಇನ್ನೊಂದು ಊರಿನಿಂದ ನನಗೆ ಕರೆ ಬಂದಿದೆ. ಅವರೂ ಲೀಗಿಗೆ ಸೇರಬೇಕೆಂದಿದ್ದಾರೆ, ಅವರಿಗೂ ಹುಡುಗಿಯರ ವಿಭಾಗ ಬೇಕು. ಹುಡುಗಿಯರು ಇದ್ದಾರೆಯೇ ಎಂದು ಕೇಳಿದೆ. ‘ಅದನ್ನು ಆಮೇಲೆ ನೋಡೋಣ ಮಾಸ್ಟರ್‌ಜೀ’ ಎಂದರು. ಇರಲು ಒಂದು ಕೋಣೆ, ಬಾಗಿಲಿಗೆ ಹೆಸರು. ಈ ವಯಸ್ಸಿನಲ್ಲಿ ಅಷ್ಟಾದರೂ ಬೇಕಲ್ಲವೇ? ಹೋಗುತ್ತೇನೆ ಎಂದೇ ಅನ್ನಿಸುತ್ತದೆ. ಅಕ್ಷತಾ ದಾರಿಗೆ ಹತ್ತಿದಳು, ಅದು ನಿನ್ನಿಂದ. ಇನ್ನು ನಿನಗೆ ನನ್ನ ಕಾಗದದ ಹಂಗು ಬೇಡ. ನಿನ್ನ ಮನೆ, ಮಗ್ಗ ನೋಡಿಕೋ.

ವಿಠ್ಠಲ

*

ಬನಹಟ್ಟಿ
೧೭ ಆಗಸ್ಟ್ ೨೦೨೫

ಸರ್,

ಅಕ್ಷತಾ ಫೋನ್ ಮಾಡಿದ್ದಳು. ಬೂಟು ಕೊಟ್ಟಿದ್ದಾರಂತೆ. ರಾತ್ರಿ ಮಲಗುವಾಗ ಅವ್ವ ನೆನಪಾಗುತ್ತಾಳೆ, ಆಡುವಾಗ ಯಾರೂ ನೆನಪಾಗುವುದಿಲ್ಲ ಅಂದಳು. ಅದೇ ಸರಿ ಅಂದೆ.

ಅವಳು ಹೋದ ಮೇಲೂ ನಾನು ಸಂಜೆ ಜಮಖಂಡಿಯ ಬಸ್ಸು ಹತ್ತುತ್ತೇನೆ. “ಯಾರಿಗೆ ಕಲಿಸಾಕ ಹೊಂಟಿ ಬೇ?” ಎಂದು ಅವ್ವ ಕೇಳಿದಳು. ಅಪ್ಪ ಅವಳಿಗೆ, “ಹೋಗ್ಲಿ ಬಿಡು ಶಿವವ್ವಾ,” ಅಂದ. ಅಪ್ಪ ಹಾಗೆ ಅಂದದ್ದು ನನಗೆ ಇನ್ನೂ ಕೆಟ್ಟ ಅನ್ನಿಸಿತು.

ಮೈದಾನದಲ್ಲಿ ಬಲೆ ಇಲ್ಲ, ಕಂಬಗಳಿವೆ. ಅವುಗಳ ನಡುವೆ ನಿಲ್ಲುತ್ತೇನೆ. ಕ್ರಿಕೆಟ್ ಆಡುವ ಹುಡುಗರಿಗೆ, “ಒಂದ್ ಹತ್ತ ಸಲ ಇತ್ತಾಗ ಒದೀರಿ,” ಎಂದು ಕೇಳಿದೆ. ಇಬ್ಬರು ಬಂದು ಒದ್ದರು, ನಗುತ್ತ ಹೋದರು. ಮೊನ್ನೆ ಚೆಂಡನ್ನು ನಾನೇ ಮೇಲಕ್ಕೆ ಎಸೆದು ನಾನೇ ಹಿಡಿದೆ. ಅದು ಪ್ರ್ಯಾಕ್ಟೀಸ್ ಅಲ್ಲ. ನಾನೇ ಎಸೆದ ಚೆಂಡು ಎಲ್ಲಿಗೆ ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿರುತ್ತದೆ.

ನೀವು ಒಬ್ಬರೇ ಕೋನ್ ಇಟ್ಟು ಕಲಿಸಬಹುದು. ಸ್ಟ್ರೈಕರ್ ಒಬ್ಬಳೇ ಗೋಡೆಗೆ ಒದೆಯಬಹುದು. ಗೋಲ್‌ಕೀಪರ್ ಒಬ್ಬಳೇ ಇದ್ದರೆ ಏನು ಮಾಡಬೇಕು ಎಂದು ನೀವು ನನಗೆ ಕಲಿಸಲಿಲ್ಲ.

ಆ ಇನ್ನೊಂದು ಊರಿಗೆ ನೀವು ಹೋಗುವುದಾದರೆ ಹೋಗಿರಿ. ಅಲ್ಲಿಯೂ ಮೈದಾನ ಖಾಲಿ ಇರುತ್ತದೆ, ಇಲ್ಲಿಯೂ ಖಾಲಿ ಇದೆ. ಇಲ್ಲಿ ನಾನಿದ್ದೇನೆ ಎನ್ನುವುದಷ್ಟೇ ಫರಕು. ಅದು ದೊಡ್ಡ ಫರಕು ಎಂದು ನಾನು ಹೇಳುತ್ತಿಲ್ಲ.

ಶೀತಲ್

*

ವಿಶಾಖಪಟ್ಟಣ
೪ ಸೆಪ್ಟೆಂಬರ್ ೨೦೨೫

ಶೀತಲ್,

ಆ ಊರಿನವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ಸಿಟ್ಟಾದರು. ಕಾರಣ ಕೇಳಿದರು. ಊರಲ್ಲಿ ಒಬ್ಬ ಗೋಲ್‌ಕೀಪರ್ ಖಾಲಿ ನಿಂತಿದ್ದಾಳೆ ಎಂದೆ. ಫೋನಿನವನಿಗೆ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ಹೊರಡುತ್ತೇನೆ. ವೈನಿಯವರಿಗೆ ಮಾತ್ರ ಹೇಳಿದ್ದೇನೆ. “ಭಾನುವಾರ ಹೋಳಿಗಿ ಮಾಡ್ತೀನಿ, ತಡಾ ಮಾಡಬ್ಯಾಡ,” ಅಂದರು. ನೀನೂ ಯಾರಿಗೂ ಹೇಳಬೇಡ, ಬಸ್ ನಿಲ್ದಾಣಕ್ಕೂ ಬರಬೇಡ. ಗಾಡಿ ಸರಿಯಾಗಿ ಬಂದರೆ ಭಾನುವಾರ ಸಂಜೆ ಬೆಳಕಿರುವಾಗಲೇ ಜಮಖಂಡಿಯಲ್ಲಿ ಇಳಿಯುತ್ತೇನೆ. ಹೋಳಿಗೆ ಸ್ವಲ್ಪ ಆರಿದರೂ ಚಿಂತೆಯಿಲ್ಲ, ಮೊದಲು ಮೈದಾನಕ್ಕೆ ಬರುತ್ತೇನೆ.

ನನಗೆ ಮೊದಲಿನಷ್ಟು ಜೋರು ಬರುವುದಿಲ್ಲ. ಆದರೆ ಎತ್ತ ಒದೆಯುತ್ತೇನೆಂದು ಮೊದಲೇ ಹೇಳುವುದಿಲ್ಲ. ನೀನು ಗೋಲಿನಲ್ಲಿ ನಿಂತಿರು.

ವಿಠ್ಠಲ ಸರ್